ನಾಲ್ಕೂವರೆ ಅಡಿ ಮಂಚದ ಗಾದಿಗೆ ಮನೆಯಲ್ಲೇ ಹೊಲಿದ ಗವಸು

ಅತ್ತೆಯವರು ಮಲಗುವ ಸಾಗವಾನಿ ಮಂಚವನ್ನು ಬಡಗಿ ಮನೆಗೇ ಬಂದು ಮಾಡಿಕೊಟ್ಟಿದ್ದು. ಅಗಲ ನಾಲ್ಕೂವರೆ ಅಡಿ, ಉದ್ದ ಆರೂಕಾಲು ಅಡಿ. ಇಂಚಿನಲ್ಲಿ ಹೇಳಿದರೆ 54, 75. ಅಂಗಡಿಯಲ್ಲಿ ಸಿಗುವ ಇಲಾಸ್ಟಿಕ್ ಬೆಡ್‌ಶೀಟುಗಳು ಸಾಮಾನ್ಯವಾಗಿ 36, 48, 60, 72 ಇಂಚು ಅಗಲದ ಗಾದಿಗೆ ಹೊಲಿದವು. 48ರದ್ದು ಇದಕ್ಕೆ ಏರುವುದೇ ಇಲ್ಲ. 60ರದ್ದು ಏರುತ್ತದೆ, ಬೆಳಿಗ್ಗೆ ನೋಡಿದರೆ ನಡುವೆ ಮುದ್ದೆಯಾಗಿರುತ್ತದೆ. ಸಾದಾ ಚಾದರ ಹಾಸಿ ಸುತ್ತಲೂ ಕೆಳಗೆ ತುರುಕೋಣ ಅಂದರೆ ಗಾದಿ ಎತ್ತಬೇಕು. ಆರಿಂಚಿನ ತೆಂಗಿನ ನಾರಿನ ಗಾದಿ ಅದು. ವಯಸ್ಸಾದವರು ದಿನಾ ಎತ್ತಿ ಇಳಿಸುವಂಥದ್ದಲ್ಲ.

ಬಡಗಿ ಮಾಡಿದ ಮಂಚಗಳಿರುವ ಮನೆಗಳಲ್ಲೆಲ್ಲ ಈ ಗೋಳು ಇದ್ದದ್ದೇ, ಅಲ್ವಾ? ಮಂಚ ಕೋಣೆಗೆ ತಕ್ಕಂತೆ, ಗಾದಿ ಮಂಚಕ್ಕೆ ತಕ್ಕಂತೆ. ಬೆಡ್‌ಶೀಟು ಮಾತ್ರ ಯಾವುದೋ ಕಾರ್ಖಾನೆಯ ಅಳತೆಗೆ. ಅದಕ್ಕೇ ಸುತ್ತಲೂ ಇಲಾಸ್ಟಿಕ್ ಇರುವ ಗವಸನ್ನು ಮನೆಯಲ್ಲೇ ಹೊಲಿದೆ. ನನ್ನದು ಕಾಲಲ್ಲಿ ತುಳಿಯುವ ಹಳೆಯ ಮಿಷನ್. ನೇರ ಹೊಲಿಗೆ ಬಿಟ್ಟು ಅದಕ್ಕೆ ಬೇರೇನೂ ಬರುವುದಿಲ್ಲ. ಈ ಕೆಲಸಕ್ಕೆ ಅಷ್ಟು ಸಾಕು.

ಅಳತೆ

ಗಾದಿ ಕೊಂಡಾಗ ಬರೆದುಕೊಟ್ಟ ಅಳತೆಯನ್ನು ನಂಬಬೇಡಿ. ಟೇಪು ಹಿಡಿದು ಈಗ ಇರುವ ಗಾದಿಯನ್ನೇ ಅಳೆಯಿರಿ. ಬಳಸಿದ ಗಾದಿ ನಡುವೆ ಕುಸಿದಿರುತ್ತದೆ, ಪಕ್ಕಗಳು ಉಬ್ಬಿರುತ್ತವೆ. ನಮ್ಮದು ತಲೆಯ ಕಡೆ 54 ಇಂಚು ಇತ್ತು, ಕಾಲಿನ ಕಡೆ 53¾, ನಡುವೆ 54½. ಉದ್ದ ಒಂದು ಪಕ್ಕದಲ್ಲಿ 75, ಇನ್ನೊಂದು ಪಕ್ಕದಲ್ಲಿ 75½. ಎರಡರಲ್ಲೂ ದೊಡ್ಡದನ್ನು ಹಿಡಿದೆ. ನೇಯ್ದ ಹತ್ತಿ ಬಟ್ಟೆ ಬನಿಯನ್ ಬಟ್ಟೆಯ ಹಾಗೆ ಹಿಗ್ಗುವುದಿಲ್ಲ. ಅರ್ಧ ಇಂಚು ಸಡಿಲ ಇದ್ದರೆ ನಡೆಯುತ್ತದೆ, ಅರ್ಧ ಇಂಚು ಬಿಗಿಯಾದರೆ ಮೂಲೆಯ ಹೊಲಿಗೆ ಕಿತ್ತುಬರುತ್ತದೆ.

ಎತ್ತರವನ್ನು ಮಾತ್ರ ಅಂಚಿನಲ್ಲೇ ಅಳೆಯಬೇಕು. ಮಲಗಿ ಮಲಗಿ ತಗ್ಗಾದ ಜಾಗದಲ್ಲಿ ಐದೂಕಾಲು ಇಂಚು ಬಂತು, ಅಂಚಿನಲ್ಲಿ ಪೂರ್ತಿ ಆರು. ಗವಸು ಹಿಡಿದು ಕೂರುವುದು ಅಂಚನ್ನು ತಾನೇ.

ಇನ್ನು ಲೆಕ್ಕ. ಮೇಲಿನಿಂದ ಇಳಿಯುವ ಬಟ್ಟೆ ಗಾದಿಯ ಎತ್ತರಕ್ಕೆ ಆರಿಂಚು, ಗಾದಿಯ ಕೆಳಗೆ ಒಳಸೇರಲು ನಾಲ್ಕಿಂಚು, ಇಲಾಸ್ಟಿಕ್ ಹೋಗುವ ಮಡಿಕೆಗೆ ಒಂದಿಂಚು. ಒಂದು ಪಕ್ಕಕ್ಕೆ 11, ಎರಡು ಪಕ್ಕ ಸೇರಿ 22. ಅಗಲಕ್ಕೆ 54½ ಕೂಡಿ 76½, ಉದ್ದಕ್ಕೆ 75½ ಕೂಡಿ 97½. ಕತ್ತರಿಸಬೇಕಾದ ಬಟ್ಟೆ ಇಷ್ಟು. ಒಳಸೇರುವ ನಾಲ್ಕಿಂಚಿನಲ್ಲಿ ಜಿಪುಣತನ ಮಾಡಬೇಡಿ. ಸಿದ್ಧವಾಗಿ ಸಿಗುವ ಅಗ್ಗದ ಶೀಟುಗಳಲ್ಲಿ ಅದು ಎಷ್ಟೋ ಸಲ ಒಂದೆರಡು ಇಂಚು ಅಷ್ಟೇ ಇರುತ್ತದೆ. ಮಗ್ಗುಲು ಬದಲಿಸಿದರೆ ಸಾಕು, ಅಂಚು ಗಾದಿ ಏರಿ ಮೇಲೆ ಬರುತ್ತದೆ.

ಬಟ್ಟೆ

ಬಟ್ಟೆ ತಂದಿದ್ದು ಹುಬ್ಬಳ್ಳಿಯ ದುರ್ಗದ ಬೈಲಿನ ಆಸುಪಾಸಿನಲ್ಲಿ. ಸೀರೆ, ರವಿಕೆ ಬಟ್ಟೆ ಕೇಳಿದಷ್ಟು ಸುಲಭವಾಗಿ ಬೆಡ್‌ಶೀಟಿನ ಥಾನು ಸಿಗುವುದಿಲ್ಲ. ದೊಡ್ಡ ಪನ್ನದ, ಅಂದರೆ ಅಗಲ ಜಾಸ್ತಿ ಇರುವ ಕಾಟನ್ ಬೇಕು ಅಂತ ಕೇಳಬೇಕು. ರವಿಕೆ, ಅಂಗಿಯ ಬಟ್ಟೆಯ ಪನ್ನ ಹೆಚ್ಚಾಗಿ 36ರಿಂದ 44 ಇಂಚು. ಬೆಡ್‌ಶೀಟಿನದು 90, 100, 108 ಇಂಚು. ನನಗೆ 90ರದ್ದು ಸಾಕಿತ್ತು.

ಖಾದಿಯಲ್ಲೇ ಹೊಲಿಯುವ ಆಸೆ ಇತ್ತು. ಬೆಂಗೇರಿ ನಮ್ಮೂರಿನಲ್ಲೇ ಇದೆ, ರಾಷ್ಟ್ರಧ್ವಜ ಹೊಲಿಯುವ ಜಾಗ. ಆದರೆ ಪನ್ನ ಸಾಲದೆ ಜೋಡಿಸಿ ಹೊಲಿಯಬೇಕಾಗುತ್ತಿತ್ತು. ಸಣ್ಣ ಪನ್ನದಲ್ಲೇ ಹೊಲಿಯುವವರಿಗೆ ಒಂದು ಮಾತು: ಎರಡು ತುಂಡನ್ನು ನಟ್ಟನಡುವೆ ಕೂಡಿಸಬೇಡಿ, ಆ ಗೆರೆ ಇಡೀ ರಾತ್ರಿ ಬೆನ್ನಿಗೆ ಒತ್ತುತ್ತದೆ. ಒಂದು ಪೂರ್ತಿ ಪನ್ನವನ್ನು ನಡುವೆ ಇಟ್ಟುಕೊಂಡು, ಎರಡನೆಯದನ್ನು ಉದ್ದಕ್ಕೆ ಸೀಳಿ ಎರಡೂ ಪಕ್ಕಕ್ಕೆ ಹಚ್ಚಿ.

ಅಂಗಡಿಯಲ್ಲಿ ದಪ್ಪಗೆ, ಗರಿಗರಿ ಕಾಣುವ ಬಟ್ಟೆಗೆ ಮರುಳಾಗಬಾರದು. ಅದರಲ್ಲಿ ಅರ್ಧ ಗಂಜಿ. ಒಂದು ಮೂಲೆಯನ್ನು ಎರಡು ಬೆರಳ ನಡುವೆ ಚೆನ್ನಾಗಿ ತಿಕ್ಕಿ. ಬಿಳಿ ಪುಡಿ ಉದುರಿದರೆ, ತಿಕ್ಕಿದ ಜಾಗ ಜಾಳಾದರೆ, ಮೊದಲ ಒಗೆತಕ್ಕೇ ಬಣ್ಣ ಬಯಲಾಗುತ್ತದೆ. ಬೆಳಕಿಗೆ ಹಿಡಿದೂ ನೋಡಿ, ನೇಯ್ಗೆ ಒತ್ತಾಗಿರಬೇಕು. ಪಕ್ಕಾ ಹತ್ತಿಯೋ ಮಿಶ್ರಣವೋ ಅನ್ನುವ ಅನುಮಾನ ಇದ್ದರೆ ನಾಲ್ಕು ಎಳೆ ಕಿತ್ತು ಕಡ್ಡಿ ಗೀರಿ. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಿಶ್ರಣದ ಬಟ್ಟೆ ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ, ನಿಜ. ಆದರೆ ಏಪ್ರಿಲ್ ತಿಂಗಳಲ್ಲಿ ಅದರ ಮೇಲೆ ಮಲಗಿ ನೋಡಿ, ಆಮೇಲೆ ಹೇಳಿ.

97½ ಇಂಚು ಅಂದರೆ ಎರಡೂವರೆ ಮೀಟರಿಗೆ ಸ್ವಲ್ಪ ಕಡಿಮೆ. ಎರಡೂವರೆ ಕೇಳಿದೆ. ಅಂಗಡಿಯವರು ಕತ್ತರಿ ಕೆಳಗಿಟ್ಟರು. "ಅಕ್ಕಾರ, ಒಗದ್ ಮ್ಯಾಲೆ ಕುಗ್ಗತೈತ್ರೀ, ಕಾಲ್ ಮೀಟರ್ ಜಾಸ್ತಿ ತಗೋರಿ" ಅಂದರು. ವ್ಯಾಪಾರದ ಮಾತಲ್ಲ ಅದು, ಸರಿಯಾದ ಲೆಕ್ಕ. ಒಗೆಯದ ಹತ್ತಿ ಬಟ್ಟೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ. ಸುಮಾರು ನೂರು ಇಂಚಿನ ಬಟ್ಟೆಯಲ್ಲಿ ನಾಲ್ಕಿಂಚು ಹೋದರೆ ಗವಸು ಮತ್ತೆ ಗಾದಿಗೆ ಏರುವುದಿಲ್ಲ. 2.75 ಮೀಟರ್ ತಂದೆ, ಮೀಟರಿಗೆ 280 ರೂಪಾಯಿಯಂತೆ 770.

ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಪಿನ ಪುಡಿ ಹಾಕಿ ಮಾಮೂಲಿನಂತೆ ಒಗೆದೆ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅನ್ನುತ್ತಾರೆ. ಉಪ್ಪು ಕೆಲಸ ಮಾಡುವುದು ಬಣ್ಣ ಹಾಕುವ ಹೊತ್ತಿನಲ್ಲಿ. ಹಾಕಿ ಮುಗಿದ ಬಣ್ಣಕ್ಕೆ ಮನೆಯ ಉಪ್ಪಿನಿಂದ ಏನೂ ಆಗುವುದಿಲ್ಲ. ನೆನೆಹಾಕುವುದು ಗಂಜಿ ಬಿಡಲಿ, ಕುಗ್ಗುವುದು ಈಗಲೇ ಕುಗ್ಗಲಿ ಅಂತ. ಒಣಗಿದ ಮೇಲೆ ಅಳೆದರೆ 108 ಇಂಚಿನ ಉದ್ದ 104½ಕ್ಕೆ ಇಳಿದಿತ್ತು. ಅಗಲ 90ರಿಂದ 88½ಕ್ಕೆ ಬಂದಿತ್ತು. ಉದ್ದವೇ ಜಾಸ್ತಿ ಕುಗ್ಗುವುದಕ್ಕೆ ಕಾರಣ ಇದೆ. ಮಗ್ಗದ ಮೇಲೆ ಹಾಸಿನ, ಅಂದರೆ ಉದ್ದಕ್ಕೆ ಹೋಗುವ ಎಳೆಗಳನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ನೀರು ಬಿದ್ದ ಕೂಡಲೇ ಅವು ಸಡಿಲಾಗಿ ಹಿಂದಕ್ಕೆ ಸರಿಯುತ್ತವೆ. ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆಗೆ ಅಷ್ಟು ಬಿಗಿ ಇರುವುದಿಲ್ಲ.

ಕತ್ತರಿಸುವುದು

ಮೊದಲು ಬಟ್ಟೆಯನ್ನು ನೇರ ಮಾಡಿಕೊಳ್ಳಬೇಕು. ಅಂಚಿನಿಂದ ಒಂದಿಂಚು ಬಿಟ್ಟು ಕತ್ತರಿ ತಾಗಿಸಿ, ಕೈಯಿಂದ ಹರಿಯಿರಿ. ಸಾದಾ ನೇಯ್ಗೆಯ ಹತ್ತಿ ಒಂದೇ ಎಳೆ ಹಿಡಿದು ನೇರವಾಗಿ ಹರಿಯುತ್ತದೆ. ಗೆರೆ ಎಳೆದು ಕತ್ತರಿಸುವುದಕ್ಕಿಂತ ಇದು ಪಕ್ಕಾ. ಆಮೇಲೆ ಉದ್ದಕ್ಕೆ ನಡುವೆ ಮಡಿಚಿ ನೆಲದ ಮೇಲೆ ಹಾಸಿದಾಗ ನಾಲ್ಕು ಮೂಲೆ ಕೂಡಬೇಕು. ಕೂಡದಿದ್ದರೆ ಬಟ್ಟೆ ಓರೆಯಾಗಿದೆ ಅಂತ ಅರ್ಥ. ಒಬ್ಬರು ಗಿಡ್ಡ ಮೂಲೆ ಹಿಡಿದು, ಇನ್ನೊಬ್ಬರು ಅದರ ಎದುರು ಮೂಲೆ ಹಿಡಿದು, ಒದ್ದೆ ಬಟ್ಟೆಯನ್ನು ಓರೆಯಾಗಿ ಜಗ್ಗಿದರೆ ದಾರಿಗೆ ಬರುತ್ತದೆ. ಸೀರೆ ಒಣಹಾಕುವಾಗ ಇಬ್ಬರು ಜಗ್ಗುತ್ತಾರಲ್ಲ, ಹಾಗೆ. ಓರೆ ಬಟ್ಟೆಯಲ್ಲೇ ಹೊಲಿದ ಗವಸು ಮೊದಲ ದಿನ ಚೆನ್ನಾಗಿಯೇ ಕೂರುತ್ತದೆ. ಒಗೆದಂತೆಲ್ಲ ಗಾದಿಯ ಮೇಲೆ ತಿರುಚಿಕೊಳ್ಳುತ್ತದೆ. ಗೆರೆ, ಚೌಕಳಿಯ ಬಟ್ಟೆಯಲ್ಲಂತೂ ಎದ್ದು ಕಾಣುತ್ತದೆ.

ಎರಡೂ ಬದಿಯ ನೇಯ್ದ ಅಂಚನ್ನು ತೆಗೆದೆ. ಅಲ್ಲಿ ಎಳೆ ಒತ್ತಾಗಿರುತ್ತದೆ, ಉಳಿದ ಬಟ್ಟೆಯಷ್ಟೇ ಕುಗ್ಗುವುದಿಲ್ಲ. ಉಳಿಸಿಕೊಂಡರೆ ಇಲಾಸ್ಟಿಕ್ ಪಟ್ಟಿ ಅಲ್ಲಲ್ಲಿ ನಿರಿಗೆಯಾಗುತ್ತದೆ.

ಮೂಲೆಗೆ ಬಂದೆವು. ಈ ಕೆಲಸದ ಜೀವ ಇರುವುದು ಇಲ್ಲೇ. ಒಂದು ಪಕ್ಕಕ್ಕೆ ಇಳಿಯುವ ಬಟ್ಟೆ 11 ಇಂಚು, ಹಾಗಾಗಿ ಮೂಲೆಯಿಂದ 11 ಇಂಚಿನ ಚೌಕ ತೆಗೆಯಬೇಕು ಅಂತ ಅನ್ನಿಸುತ್ತದೆ. ತೆಗೆಯಬೇಕಾದ್ದು 10½. ಹೊಲಿಗೆಯೊಳಗೆ ಅರ್ಧ ಇಂಚು ಹೋಗುತ್ತದೆ. ಪೂರ್ತಿ 11 ತೆಗೆದರೆ ಪ್ರತಿ ಪಕ್ಕದಲ್ಲಿ ಅರ್ಧ ಇಂಚಿನಂತೆ ಮೇಲ್ಭಾಗ ಅಗಲಕ್ಕೂ ಉದ್ದಕ್ಕೂ ಒಂದೊಂದು ಇಂಚು ಕಡಿಮೆಯಾಗುತ್ತದೆ. ಗವಸು ಏರದೇ ಇರಲು ಅಷ್ಟು ಸಾಕು. ನಾಲ್ಕು ಮೂಲೆಯನ್ನೂ ಬೇರೆಬೇರೆಯಾಗಿ ಅಳೆಯುವ ಬದಲು ರಟ್ಟಿನಲ್ಲಿ 10½ ಇಂಚಿನ ಒಂದು ಚೌಕ ಕತ್ತರಿಸಿಕೊಂಡು, ಅದನ್ನೇ ಇಟ್ಟು ಚಾಕ್‌ಪೀಸಿನಿಂದ ಗೆರೆ ಎಳೆದೆ. ನಾಲ್ಕೂ ಒಂದೇ ಸಮ ಇರಬೇಕು, ಅದು ಮುಖ್ಯ. ತೆಗೆದ ಚೌಕಗಳ ಅಂಚು ಮಡಿಚಿ ಹೊಲಿದು ಅಡುಗೆಮನೆಗೆ ಮಸಿಅರಿವೆ ಮಾಡಿದೆ.

ಮೂಲೆಯ ಹೊಲಿಗೆ

ಕತ್ತರಿಸಿದ ಎರಡು ಅಂಚನ್ನು ಕೂಡಿಸಿದರೆ ಮೂಲೆ ಪೆಟ್ಟಿಗೆಯಂತೆ ನಿಲ್ಲುತ್ತದೆ. ನನ್ನ ಮಿಷನ್ನಿನಲ್ಲಿ ಓವರ್‌ಲಾಕ್ ಇಲ್ಲ. ಹಾಗಾಗಿ ಎಳೆ ಬಿಚ್ಚದಂತೆ ಒಳಗೇ ಮುಚ್ಚಿಹೋಗುವ ಹೊಲಿಗೆ ಹಾಕಿದೆ. ಮೊದಲು ಬಟ್ಟೆಯ ಹೊರಮೈ ಹೊರಗೇ ಇರುವಂತೆ ಎರಡು ಅಂಚು ಸೇರಿಸಿ, ಕಾಲು ಇಂಚಿನಲ್ಲಿ ಒಂದು ಹೊಲಿಗೆ. ಅಂಚನ್ನು ಅದರ ಅರ್ಧಕ್ಕೆ ಕತ್ತರಿಸಿ, ಬಟ್ಟೆಯನ್ನು ಒಳಮೈಗೆ ತಿರುಗಿಸಿ, ಉಗುರಿನಿಂದ ಗೀಚಿ ಮಡಿಕೆ ಕೂರಿಸಿ, ಮತ್ತೆ ಕಾಲು ಇಂಚಿನಲ್ಲಿ ಎರಡನೇ ಹೊಲಿಗೆ. ಬಿಚ್ಚುವ ಅಂಚು ಒಳಗೆ ಸಿಕ್ಕಿಕೊಂಡಿತು. ಎರಡೂ ಸೇರಿ ಅರ್ಧ ಇಂಚು, ಆಗಲೇ ಬಿಟ್ಟುಕೊಂಡಿದ್ದು. ಒಳ ಅಂಗಿ, ಲಂಗ ಹೊಲಿಯುವವರಿಗೆ ಇದು ಹೊಸದಲ್ಲ.

ಮಿಷನ್ನಿಗೆ ಹಾಕುವ ಮೊದಲು ನಾಲ್ಕೂ ಮೂಲೆಗೆ ಕೈಯಿಂದ ಕಚ್ಚಾ ಹೊಲಿಗೆ ಹಾಕಿ ಗಾದಿಗೆ ತೊಡಿಸಿ ನೋಡಿದೆ. ಬೇಸರದ ಕೆಲಸ, ಆದರೆ ಬಿಡಬಾರದು. ಇಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಟ್ಟೆಯ ಮೂಲೆ ಚೂಪು, ಗಾದಿಯ ಮೂಲೆ ಗುಂಡಗೆ. ಹಾಗಾಗಿ ಪ್ರತಿ ಮೂಲೆಯಲ್ಲೂ ಒಂದು ಸಣ್ಣ ಕಿವಿ ಎದ್ದು ನಿಂತಿತ್ತು. ಇದಕ್ಕೆ ಮದ್ದು ಸುಲಭ. ಹೊಲಿಗೆ ಮೇಲ್ತುದಿ ಮುಟ್ಟುವಾಗ ಮೂಲೆಯಲ್ಲಿ ಗಕ್ಕನೆ ನಿಲ್ಲಿಸಬಾರದು. ಕೊನೆಯ ಒಂದಿಂಚನ್ನು ಬಾಗಿಸಿಕೊಂಡು ಬಂದು ಬಟ್ಟೆಯ ಮಡಿಕೆಯೊಳಗೆ ಜಾರಿಸಿ ಬಿಡಬೇಕು. ಬಾಗು ಎಷ್ಟಿರಬೇಕು ಅನ್ನುವುದನ್ನು ಗಾದಿಯ ಮೂಲೆಯೇ ಹೇಳುತ್ತದೆ. ಗವಸು ಗಾದಿಯ ಮೇಲೆ ಇರುವಾಗಲೇ ಬೆರಳಿನಿಂದ ಒತ್ತಿ ಚಾಕ್‌ಪೀಸಿನಿಂದ ಗುರುತು ಮಾಡಿಕೊಳ್ಳಿ.

ದಾರ ಪಾಲಿಯೆಸ್ಟರಿನದ್ದು. ಬಟ್ಟೆ ಹತ್ತಿಯದಾದರೂ ಎಳೆತ ಬೀಳುವ ಕಡೆ ಹತ್ತಿ ದಾರ ಬೇಗ ಸವೆದು ತುಂಡಾಗುತ್ತದೆ. ಸೂಜಿ 14ನೇ ನಂಬರು. ಮೂಲೆ ದಾಟುವ ದಪ್ಪ ಜಾಗಕ್ಕೆ 16. ಹೊಲಿಗೆ ಒಂದಿಂಚಿಗೆ ಸುಮಾರು ಹತ್ತು. ಶುರುವಿನಲ್ಲೂ ಕೊನೆಯಲ್ಲೂ ಹಿಂದೆ-ಮುಂದೆ ಮಾಡಿ ಗಟ್ಟಿ ಮಾಡಿದೆ. ಹಾಸುವಾಗ ಎಲ್ಲರೂ ಹಿಡಿದು ಜಗ್ಗುವುದು ಮೂಲೆಯನ್ನೇ.

ಇಷ್ಟು ದೊಡ್ಡ ಬಟ್ಟೆಯ ಭಾರ ಮಿಷನ್ನಿನಿಂದ ಕೆಳಗೆ ಜೋತುಬಿದ್ದರೆ ಹೊಲಿಗೆ ಸೊಟ್ಟಗಾಗುತ್ತದೆ, ಸೂಜಿಯೂ ಮುರಿಯಬಹುದು. ಎಡಗಡೆ ಒಂದು ಸ್ಟೂಲು, ಹಿಂದೆ ಒಂದು ಕುರ್ಚಿ ಇಟ್ಟುಕೊಂಡರೆ ಆಯಿತು. ನಡುವೆ ಮಿಷನ್ನಿನ ಚರ್ಮದ ಬೆಲ್ಟು ಜಾರಲು ಶುರುಮಾಡಿತು. ತುಳಿದರೂ ಮೇಲಿನ ಚಕ್ರ ತಿರುಗುತ್ತಿರಲಿಲ್ಲ. ಹಳೆಯ ಬೆಲ್ಟು ಹಿಗ್ಗಿದಾಗ ಹೀಗಾಗುತ್ತದೆ. ತಂತಿಯ ಕೊಂಡಿ ಬಿಚ್ಚಿ, ಬೆಲ್ಟನ್ನು ಅರ್ಧ ಇಂಚು ಕತ್ತರಿಸಿ, ಹೊಸ ತೂತು ಹೊಡೆದು ಮತ್ತೆ ಕೂಡಿಸಿದೆ.

ಇಲಾಸ್ಟಿಕ್

ಬರೀ ನಾಲ್ಕು ಮೂಲೆಗೆ ಇಲಾಸ್ಟಿಕ್ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ಇಸ್ತ್ರಿ ಮಾಡುವುದೂ ಸುಲಭ. ಆದರೆ ಕೂತು ಏಳುವ ಪಕ್ಕದಲ್ಲಿ ಬಟ್ಟೆ ಸಡಿಲಾಗಿ ಹೊರಗೆ ಬರುತ್ತದೆ. ಅತ್ತೆಯವರು ಹಗಲೂ ಅಲ್ಲೇ ಕೂರುತ್ತಾರೆ. ಅದಕ್ಕೆ ಸುತ್ತಲೂ ಹಾಕುವುದೇ ಸರಿ ಅನ್ನಿಸಿತು.

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಒಂದು ಜಡೆಯಂತೆ ಹೆಣೆದದ್ದು. ಜಗ್ಗಿದರೆ ಅಗಲ ಕಿರಿದಾಗುತ್ತದೆ. ಸೂಜಿ ಚುಚ್ಚಿದರೆ ಒಳಗಿನ ರಬ್ಬರ್ ಎಳೆ ಕಡಿದು ಬಿಗಿ ಹೋಗುತ್ತದೆ. ಇನ್ನೊಂದು ಪಟ್ಟಿಯಂತೆ ನೇಯ್ದದ್ದು. ಜಗ್ಗಿದರೂ ಅಗಲ ಹಾಗೇ ಇರುತ್ತದೆ, ಮೇಲೆ ಹೊಲಿದರೂ ತಡೆಯುತ್ತದೆ. ಎರಡನೆಯದನ್ನು ಅರ್ಧ ಇಂಚಿನ ಅಗಲದಲ್ಲಿ ತಗೊಳ್ಳಿ.

ಉದ್ದ ಎಷ್ಟು? ಮೂಲೆ ಹೊಲಿದ ಮೇಲೆ ಕೆಳ ಅಂಚಿನ ಸುತ್ತಳತೆ 54½ಕ್ಕೆ 75½ ಕೂಡಿಸಿ ಎರಡು ಪಟ್ಟು, ಅಂದರೆ 260 ಇಂಚು. ಅದರ ಮೂರರಲ್ಲಿ ಎರಡು ಪಾಲು ಹಿಡಿದರೆ ಸುಮಾರು 173. ಇದು ಬಿಗಿಯಾಗಿ ಹಿಡಿಯುತ್ತದೋ ಇಲ್ಲವೋ ಅಂತ ಕೊಳ್ಳುವ ಮೊದಲೇ ಲೆಕ್ಕ ಹಾಕಬಹುದು. ಗಾದಿಯ ಕೆಳಗೆ ಎಲ್ಲಾ ಕಡೆ ನಾಲ್ಕಿಂಚು ಒಳಗೆ ಬಂದಾಗ ಬಾಯಿಯ ಸುತ್ತಳತೆ 228 ಇಂಚು. 173 ಇಂಚಿನ ಇಲಾಸ್ಟಿಕ್ 228ಕ್ಕೆ ಹಿಗ್ಗಿ ನಿಲ್ಲಬೇಕು, ಹೆಚ್ಚುಕಡಿಮೆ ಮೂರನೇ ಒಂದು ಪಾಲಿನಷ್ಟು ಜಾಸ್ತಿ. ಸದಾ ಎಳೆದೇ ಇರುವ ಇಲಾಸ್ಟಿಕ್ಕಿಗೆ ಇಷ್ಟು ಸಾಕು. ಇನ್ನೂ ಗಿಡ್ಡ ಹಾಕಿದರೆ ಬೇಗ ಸೋಲುತ್ತದೆ, ತೊಡಿಸುವವರ ಕೈಯೂ ಸೋಲುತ್ತದೆ. ನಾಲ್ಕೂವರೆ ಮೀಟರ್ ತಂದೆ.

ಇಲಾಸ್ಟಿಕ್ ಹೋಗುವ ಪಟ್ಟಿಗೆ ಅಂಚನ್ನು ಕಾಲು ಇಂಚು ಮಡಿಚಿ, ಮತ್ತೆ ಮುಕ್ಕಾಲು ಇಂಚು ಮಡಿಚಿದೆ. 260 ಇಂಚಿನ ಉದ್ದಕ್ಕೂ ಟೇಪು ಹಿಡಿಯುತ್ತ ಕೂರುವವರು ಯಾರು? ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದ ಮೇಲೆ ಮುಕ್ಕಾಲು ಇಂಚಿಗೆ ಗೆರೆ ಎಳೆದು, ಆ ಗೆರೆಯವರೆಗೆ ಅಂಚನ್ನು ಮಡಿಚಿ, ಮೇಲೆ ಇಸ್ತ್ರಿ ಒತ್ತಿ ಮುಂದೆ ಸರಿಸುತ್ತ ಹೋದೆ. ಮೂಲೆಯ ಹೊಲಿಗೆ ಸಿಕ್ಕಲ್ಲಿ ಬಟ್ಟೆ ಹಲವು ಪದರ ಆಗುತ್ತದೆ. ಅದನ್ನು ಒಂದು ಬದಿಗೆ ಮಲಗಿಸಿ ಸಣ್ಣ ಸುತ್ತಿಗೆಯಿಂದ ಎರಡು ಏಟು ಕೊಟ್ಟರೆ ಚಪ್ಪಟೆಯಾಗುತ್ತದೆ. ಅಲ್ಲಿ ತುಳಿಯಬೇಡಿ, ಚಕ್ರವನ್ನು ಕೈಯಿಂದ ತಿರುಗಿಸಿ ಒಂದೊಂದೇ ಹೊಲಿಗೆ ದಾಟಿಸಿ.

ಕಾಲಿನ ಕಡೆಯ ಅಂಚಿನ ನಡುವೆ ಎರಡಿಂಚು ಬಾಯಿ ಬಿಟ್ಟೆ. ಪೋಣಿಸುವ ಮೊದಲು ಇಲಾಸ್ಟಿಕ್ಕನ್ನು ನಾಲ್ಕು ಸಮಪಾಲು ಮಾಡಿ ಪೆನ್ನಿನಿಂದ ಗುರುತು ಹಾಕಿದೆ. ಗವಸಿನ ಅಂಚನ್ನೂ ಬಾಯಿಯಿಂದ ಶುರುಮಾಡಿ ನಾಲ್ಕು ಸಮಪಾಲು ಮಾಡಿ ಗುಂಡುಸೂಜಿ ಚುಚ್ಚಿದೆ. ಪಾಲು 65 ಇಂಚಿನದ್ದು. ಇಲಾಸ್ಟಿಕ್ಕಿನ ಒಂದು ತುದಿಗೆ ದೊಡ್ಡ ಪಿನ್ನು ಹಾಕಿ ಒಳಗೆ ನೂಕುತ್ತ ಹೋಗಬೇಕು. ಇನ್ನೊಂದು ತುದಿಯನ್ನು ಬಾಯಿಯ ಹತ್ತಿರ ಬಟ್ಟೆಗೇ ಪಿನ್ನು ಮಾಡಿಬಿಡಿ, ಇಲ್ಲದಿದ್ದರೆ ಅದೂ ಒಳಗೆ ನುಗ್ಗಿ ಮಾಯವಾಗುತ್ತದೆ. ಲಂಗಕ್ಕೆ ಲಾಡಿ ಪೋಣಿಸಿದವರಿಗೆಲ್ಲ ಇದು ಗೊತ್ತು. ಎರಡು ತುದಿ ಕೈಗೆ ಬಂದ ಮೇಲೆ ಗಂಟು ಹಾಕಬಾರದು. ಒಂದರ ಮೇಲೊಂದು ಒಂದಿಂಚು ಇಟ್ಟು, ಚೌಕಾಕಾರವಾಗಿ ಹೊಲಿದು, ಅದರೊಳಗೆ ಓರೆಯಾಗಿ ಎರಡು ಗೆರೆ ಹೊಲಿಯಬೇಕು. ಆಮೇಲೆ ಗುರುತಿಗೆ ಗುರುತು ಕೂಡಿಸಿ, ಗುಂಡುಸೂಜಿ ಇದ್ದ ಕಡೆಯಲ್ಲೆಲ್ಲ ಪಟ್ಟಿಗೆ ಅಡ್ಡಲಾಗಿ ಒಂದು ಹೊಲಿಗೆ ಹಾಕಿದೆ. ಇದರಿಂದ ಇಲಾಸ್ಟಿಕ್ ಒಂದೇ ಕಡೆ ಗುಡ್ಡೆಯಾಗುವುದಿಲ್ಲ, ಒಳಗೆ ತಿರುಚಿಕೊಳ್ಳುವುದೂ ಇಲ್ಲ.

ತೊಡಿಸಿದ ಮೇಲೆ

ತೊಡಿಸುವಾಗ ಮೊದಲು ತಲೆಯ ಕಡೆಯ ಒಂದು ಮೂಲೆ, ಆಮೇಲೆ ಅದರ ಓರೆಗೆ ಎದುರಿರುವ ಮೂಲೆ. ಉಳಿದೆರಡು ತಾವಾಗೇ ಕೂರುತ್ತವೆ. ಗಾದಿಯನ್ನು ಪೂರ್ತಿ ಎತ್ತಬೇಕಿಲ್ಲ, ಮೂಲೆಯನ್ನು ಒಂದು ಗೇಣು ಮೇಲೆ ಮಾಡಿದರೆ ಸಾಕು. ಅತ್ತೆಯವರು ಈಗ ಒಬ್ಬರೇ ತೆಗೆದು ಹಾಕುತ್ತಾರೆ. ಉದ್ದ ಯಾವುದು ಅಗಲ ಯಾವುದು ಅಂತ ಹುಡುಕುವುದು ತಪ್ಪಲಿ ಎಂದು, ಕಾಲಿನ ಕಡೆಯ ಪಟ್ಟಿಯ ಒಳಮೈಗೆ ಕೆಂಪು ದಾರದಲ್ಲಿ ಒಂದು ಗೀಟು ಹೊಲಿದುಕೊಟ್ಟೆ.

ಗಾದಿಯ ಕೆಳಗೆ ನವಲಗುಂದದ ಹಳೆಯ ಜಮಖಾನೆ ಇದೆ. ಅದೂ ಕೆಲಸಕ್ಕೆ ಬಂತು. ಪಾಲಿಶ್ ಮಾಡಿದ ಹಲಗೆಯ ಮೇಲೆ ಗಾದಿ ಜಾರುತ್ತಿತ್ತು, ಜೊತೆಗೆ ಬೆಡ್‌ಶೀಟೂ ಸರಿಯುತ್ತಿತ್ತು. ಜಮಖಾನೆಯ ಒರಟು ನೇಯ್ಗೆ ಒಳಸೇರಿದ ನಾಲ್ಕಿಂಚನ್ನು ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಜಮಖಾನೆ ಇಲ್ಲದವರು ಯಾವುದಾದರೂ ದಪ್ಪ ಹಳೆಯ ಚಾದರ ಹಾಸಿಕೊಂಡರೂ ಆದೀತು.

ಒಗೆಯಲು ತಣ್ಣೀರೇ ಆಗಬೇಕು. ಕುದಿಯುವ ನೀರು, ಸುಡುಬಿಸಿಲು ಎರಡೂ ಇಲಾಸ್ಟಿಕ್ಕಿಗೆ ಆಗದವು. ಮಡಿಚಿಡುವಾಗ ಎರಡು ಮೂಲೆಗೆ ಒಳಗಿನಿಂದ ಕೈ ಹಾಕಿ, ಒಂದರೊಳಗೆ ಇನ್ನೊಂದನ್ನು ಮಗುಚಿ. ಹಾಗೇ ನಾಲ್ಕೂ ಒಂದರೊಳಗೊಂದು ಸೇರಿಸಿದರೆ ಉಳಿದದ್ದು ಸಾದಾ ಚಾದರದಂತೆ ಮಡಿಕೆಯಾಗುತ್ತದೆ.

ಇಲಾಸ್ಟಿಕ್ ಪೋಣಿಸಿದ ಆ ಎರಡಿಂಚಿನ ಬಾಯಿಯನ್ನು ಮಾತ್ರ ಮಿಷನ್ನಿನಲ್ಲಿ ಮುಚ್ಚಿಲ್ಲ. ಕೈಯಿಂದ ದೊಡ್ಡ ದೊಡ್ಡ ಹೊಲಿಗೆ ಹಾಕಿದ್ದೇನೆ. ಬಟ್ಟೆಗಿಂತ ಮೊದಲು ಸೋಲುವುದು ಇಲಾಸ್ಟಿಕ್ಕೇ. ಆಗ ಆ ನಾಲ್ಕು ಹೊಲಿಗೆ ಬಿಚ್ಚಿ, ಅಡ್ಡ ಹೊಲಿಗೆಗಳನ್ನು ಬ್ಲೇಡಿನಿಂದ ತೆಗೆದು, ಹಳೆಯ ಇಲಾಸ್ಟಿಕ್ಕಿನ ತುದಿಗೇ ಹೊಸದನ್ನು ಪಿನ್ನು ಮಾಡಿ ಜಗ್ಗಿದರೆ, ಹಳೆಯದು ಹೊರಗೆ ಬರುವಾಗ ಹೊಸದು ಒಳಗೆ ಹೋಗಿರುತ್ತದೆ.